ಕುದುರೆಯ ಪಕ್ಕ ನಿಂತು ನಮ್ಮನ್ನು ನಾವು ನೋಡಿಕೊಳ್ಳುವುದು: ಪದೇ ಪದೇ ಕೇಳುವ ಪ್ರಶ್ನೆಗಳು

ಕುದುರೆಯ ಜೊತೆಗಿದ್ದು ತನ್ನನ್ನು ತಾನು ತಿಳಿಯುವ ಕಲಿಕೆಯನ್ನು ನಡೆಸುತ್ತೇನೆ. ಅದರ ಬಗ್ಗೆ ಲಾಯದ ಬಾಗಿಲಲ್ಲಿ ನಿಂತು ಕೇಳಿದವು, ಪತ್ರದಲ್ಲಿ ಬಂದವು, ಕೆಲಸ ಮುಗಿಸಿ ಕೈ ತೊಳೆಯುವಾಗ ಮೆಲ್ಲಗೆ ಕೇಳಿದವು, ಹೀಗೆ ವರ್ಷಗಳಿಂದ ಬಂದ ಪ್ರಶ್ನೆಗಳನ್ನು ಇಲ್ಲಿ ಕೂಡಿಸಿದ್ದೇನೆ. ಕೇಳಿದವರ ಮಾತಿನಲ್ಲೇ ಇಟ್ಟಿದ್ದೇನೆ. ಮೊದಲಿನಿಂದ ಓದಬೇಕೆಂದೇನಿಲ್ಲ, ನಿಮ್ಮ ಪ್ರಶ್ನೆ ಎಲ್ಲಿದೆಯೋ ಅಲ್ಲಿಂದ ಶುರು ಮಾಡಿ.

## ಶುರುವಿನಲ್ಲಿ ಕೇಳುವವು

ಇದು ಕುದುರೆ ಸವಾರಿ ಕ್ಲಾಸಾ, ಬೇರೆ ಏನಾದ್ರೂನಾ?

ಸವಾರಿಯಲ್ಲ. ಬಹುಪಾಲು ಕೆಲಸ ನೆಲದ ಮೇಲೆಯೇ ನಡೆಯುತ್ತದೆ. ಕುದುರೆಯ ಹತ್ತಿರ ಹೋಗುವುದು, ಮೈ ಉಜ್ಜುವುದು, ಗೊರಸು ಎತ್ತಿ ನೋಡುವುದು, ಹಗ್ಗ ಹಿಡಿದು ಜೊತೆಗೆ ನಡೆಯುವುದು, ಕೆಲವೊಮ್ಮೆ ಹಗ್ಗವೂ ಇಲ್ಲದೆ ಒಂದೇ ಬಯಲಿನಲ್ಲಿ ಸುಮ್ಮನೆ ಇರುವುದು. ಇದನ್ನೆಲ್ಲ ಮಾಡುವಾಗ ನಿಮ್ಮ ಉಸಿರು, ಹೆಜ್ಜೆ, ಕೈಯ ಬಿಗಿ, ಅವಸರಕ್ಕೆ ಕುದುರೆ ಏನು ಮಾಡುತ್ತದೆ ಎಂದು ಗಮನಿಸುತ್ತೀರಿ, ಆಮೇಲೆ ಕೂತು ಅದರ ಬಗ್ಗೆ ಮಾತಾಡುತ್ತೀರಿ. ಸವಾರಿ ಬರುವವರಿಗೂ ಇದು ಹೊಸದಾಗಿಯೇ ಇರುತ್ತದೆ. ಇಪ್ಪತ್ತು ವರ್ಷ ಕುದುರೆ ಏರಿದವರು ಅದರ ಪಕ್ಕ ಐದು ನಿಮಿಷ ಏನೂ ಮಾಡದೆ ನಿಲ್ಲಲು ಒದ್ದಾಡಿದ್ದನ್ನು ನೋಡಿದ್ದೇನೆ.

ಅದಕ್ಕೆ ಕುದುರೇನೇ ಯಾಕೆ ಬೇಕು? ಮನೇಲಿರೋ ನಾಯಿ ಸಾಕಾಗಲ್ವಾ?

ನಾಯಿಯಿಂದ ಕಲಿಯುವುದೂ ಬೇಕಾದಷ್ಟಿದೆ. ಆದರೆ ನಾಯಿ ಬೇಟೆಯಾಡುವ ಕುಲದ್ದು, ಕುದುರೆ ಬೇಟೆಗೆ ಬಲಿಯಾಗುವ ಕುಲದ್ದು. ಲಕ್ಷಾಂತರ ವರ್ಷ ಬಯಲಿನಲ್ಲಿ ಬದುಕುಳಿದದ್ದು ಸುತ್ತಲಿನ ಸಣ್ಣ ಬದಲಾವಣೆಯನ್ನೂ ಮೊದಲೇ ಗುರುತಿಸಿ ಓಡಿದ ಕುದುರೆಗಳು. ಅದರ ಮೈಯೆಲ್ಲ ಆ ಕೆಲಸಕ್ಕಾಗಿಯೇ ರೂಪುಗೊಂಡಿದೆ. ಕಣ್ಣುಗಳು ತಲೆಯ ಎರಡು ಪಕ್ಕದಲ್ಲಿರುವುದರಿಂದ ತಲೆ ತಿರುಗಿಸದೆಯೇ ಸುಮಾರು 350 ಡಿಗ್ರಿಯಷ್ಟು ನೋಟ ಸಿಗುತ್ತದೆ. ಒಂದೊಂದು ಕಿವಿಯೂ ತನ್ನ ಪಾಡಿಗೆ ತಾನು ಸುಮಾರು 180 ಡಿಗ್ರಿ ತಿರುಗುತ್ತದೆ. ಚರ್ಮ ಎಷ್ಟು ಸೂಕ್ಷ್ಮವೆಂದರೆ ನೊಣ ಕೂತ ಜಾಗವನ್ನಷ್ಟೇ ಅದುರಿಸಿ ಅದನ್ನು ಓಡಿಸುತ್ತದೆ.

ನಾಯಿ ನಮ್ಮ ಅವಸರವನ್ನೂ ಸಿಡುಕನ್ನೂ ಬೇಗ ಮನ್ನಿಸಿ ಮತ್ತೆ ಬಾಲ ಅಲ್ಲಾಡಿಸುತ್ತದೆ. ಕುದುರೆ ಒಂದು ಹೆಜ್ಜೆ ಹಿಂದೆ ಸರಿಯುತ್ತದೆ. ಆ ಒಂದು ಹೆಜ್ಜೆ ನಮ್ಮ ಕಣ್ಣಿಗೆ ಬೀಳುತ್ತದೆ. ಇನ್ನೊಂದು ಮಾತು: ನಾನೂರು ಐನೂರು ಕಿಲೋ ತೂಕದ ಪ್ರಾಣಿಯ ಮುಂದೆ ತೋಳ್ಬಲ ನಡೆಯುವುದಿಲ್ಲ, ಬಾಯಿಬಲವೂ ನಡೆಯುವುದಿಲ್ಲ. ಮಾತಿನಲ್ಲೇ ಎಲ್ಲವನ್ನೂ ನಿಭಾಯಿಸಿ ಬಂದವರು ಅದರ ಮುಂದೆ ನಿಂತಾಗ ಕೈಯಲ್ಲಿ ಏನೂ ಉಳಿದಿಲ್ಲವೆಂದು ಅನ್ನಿಸಿ ಒಂದು ಕ್ಷಣ ಸ್ತಬ್ಧರಾಗುತ್ತಾರೆ. ಕೆಲಸ ಶುರುವಾಗುವುದು ಅಲ್ಲಿಂದ.

ನನಗೆ ಕುದುರೆ ಕಂಡ್ರೇನೇ ಕೈಕಾಲು ನಡುಗುತ್ತೆ. ನಾನು ಬರಬಹುದಾ?

ಬರಬಹುದು. ಭಯವಿದೆ ಎಂದು ಬಾಯಿಬಿಟ್ಟು ಹೇಳುವವರ ಜೊತೆ ನನಗೆ ಹೆಚ್ಚು ನೆಮ್ಮದಿ, ಅವರು ಹುಷಾರಾಗಿರುತ್ತಾರೆ. ಭಯ ನುಂಗಿಕೊಂಡು ನಗುನಗುತ್ತಾ ನೇರ ಮುಖಕ್ಕೇ ಕೈಚಾಚುವವರನ್ನು ಕಂಡರೆ ನನ್ನ ಎದೆ ಹೊಡೆದುಕೊಳ್ಳುತ್ತದೆ.

ಸ್ವೀಡನ್ನಿನಲ್ಲಿ ನಡೆದು 2009ರಲ್ಲಿ ಪ್ರಕಟವಾದ ಒಂದು ಪ್ರಯೋಗವನ್ನು ಇಲ್ಲಿ ಹೇಳಲೇಬೇಕು. ಕುದುರೆಯನ್ನು ಹಿಡಿದು ನಡೆಸುವವರನ್ನೂ ಏರಿ ಸವಾರಿ ಮಾಡುವವರನ್ನೂ ಒಂದೇ ದಾರಿಯಲ್ಲಿ ನಾಲ್ಕು ಸಲ ಹೋಗಿ ಎಂದರು. ನಾಲ್ಕನೇ ಸಲಕ್ಕೆ ಮುಂಚೆ, ಈ ಬಾರಿ ಕುದುರೆಯ ಮುಂದೆ ಕೊಡೆ ಬಿಚ್ಚುತ್ತೇವೆ ಎಂದು ಮನುಷ್ಯರಿಗೆ ತಿಳಿಸಿದರು. ಕೊಡೆ ಬಿಚ್ಚಲೇ ಇಲ್ಲ. ಆದರೂ ಮನುಷ್ಯರ ಎದೆಬಡಿತ ಏರಿತು, ಜೊತೆಗೆ ಕುದುರೆಗಳದ್ದೂ ಏರಿತು. ಕುದುರೆಗೆ ಕೊಡೆಯ ವಿಷಯ ಗೊತ್ತಾಗಲು ಹಗ್ಗದ ತುದಿಯಲ್ಲಿದ್ದ ಮನುಷ್ಯನ ಮೈಯನ್ನು ಬಿಟ್ಟರೆ ಬೇರೆ ದಾರಿಯೇ ಇರಲಿಲ್ಲ.

ಇದನ್ನು ಕೇಳಿ ‘ಹಾಗಾದರೆ ನಾನು ಹೆದರಲೇಬಾರದು’ ಎಂದು ಹಲ್ಲು ಕಚ್ಚಬೇಡಿ. ಹಾಗೆ ಮಾಡಿದರೆ ಭಯದ ಜೊತೆಗೆ ಬಿಗಿಯೂ ಸೇರಿಕೊಳ್ಳುತ್ತದೆ. ನಿಂತುಬಿಡಿ. ಅಂಗಾಲಿನ ಕೆಳಗಿನ ನೆಲದ ಕಡೆ ಗಮನ ಕೊಡಿ. ಉಸಿರನ್ನು ಒಳಗೆಳೆದದ್ದಕ್ಕಿಂತ ನಿಧಾನವಾಗಿ ಹೊರಗೆ ಬಿಡಿ. ‘ನನಗೆ ಭಯವಾಗ್ತಿದೆ’ ಎಂದು ಜೋರಾಗಿ ಹೇಳಿಕೊಳ್ಳಿ, ಪಕ್ಕದಲ್ಲಿರುವವರು ಕೇಳಿಸಿಕೊಳ್ಳಲಿ. ಬೇಲಿಯ ಆಚೆಯೇ ನಿಂತು ಇಡೀ ದಿನ ಕಳೆದರೂ ಅದು ಪೂರ್ತಿ ಒಂದು ದಿನದ ಕೆಲಸವೇ.

ಮೊದಲ ದಿನ ಏನು ಮಾಡಿಸ್ತೀರಿ?

ಬೇಲಿಯ ಹೊರಗಿನಿಂದ ಸುಮಾರು ಇಪ್ಪತ್ತು ನಿಮಿಷ ಬರೀ ನೋಡುವುದು. ಯಾವ ಕುದುರೆ ಯಾವುದರ ಪಕ್ಕ ನಿಲ್ಲುತ್ತದೆ, ಯಾವುದು ಬಂದರೆ ಯಾವುದು ಜಾಗ ಬಿಡುತ್ತದೆ, ಎಲ್ಲಿ ಮೇಯುತ್ತದೆ. ಕಂಡದ್ದನ್ನು ಹೇಳಿ ಎಂದರೆ ಬಹಳ ಜನ ‘ಅದು ಒಂಟಿ ಪಾಪ’, ‘ಇದು ಜಂಬದ್ದು’ ಎನ್ನುತ್ತಾರೆ. ಅದು ಕಂಡದ್ದಲ್ಲ, ಅಂದುಕೊಂಡದ್ದು. ‘ಅದು ಬೇರೆಯವುಗಳಿಂದ ಹತ್ತು ಮಾರು ದೂರ ನಿಂತು ಹುಲ್ಲು ತಿನ್ನುತ್ತಿದೆ’ ಎನ್ನುವುದು ಕಂಡದ್ದು. ಈ ಎರಡರ ನಡುವಿನ ಅಂತರ ಅರ್ಥವಾದರೆ ಮೊದಲ ದಿನ ಅಷ್ಟೇ ಸಾಕು. ಸಮಯ ಉಳಿದರೆ ಒಳಗೆ ಹೋಗಿ ಹೆಗಲ ಪಕ್ಕ ನಿಂತು ಬ್ರಷ್ ಹಿಡಿದು ಉಜ್ಜುವುದು.

ಒದ್ದುಬಿಟ್ರೆ? ಕಚ್ಚಿದ್ರೆ?

ಒದೆಯಬಹುದು, ಕಚ್ಚಲೂಬಹುದು. ಇದನ್ನು ಮುಚ್ಚಿಟ್ಟು ‘ನಮ್ಮ ಕುದುರೆಗಳು ಬಹಳ ಸಾಧು’ ಎಂದಷ್ಟೇ ಹೇಳುವ ಕಡೆ ಹೋಗಬೇಡಿ. ಹಣೆಯ ನೇರ ಮುಂದೆ ಸ್ವಲ್ಪ ಜಾಗ, ಬಾಲದ ನೇರ ಹಿಂದಿನ ಜಾಗ, ಇವೆರಡೂ ಕುದುರೆಗೆ ಕಾಣುವುದಿಲ್ಲ. ಆದ್ದರಿಂದ ಮಾತಾಡುತ್ತಾ, ಓರೆಯಾಗಿ, ಹೆಗಲ ಕಡೆಯಿಂದ ಹತ್ತಿರ ಹೋಗಬೇಕು. ಹಿಂದಿನಿಂದ ದಾಟಬೇಕಾದರೆ ಒಂದೋ ಕಾಲಿಗೆ ಎಟುಕದಷ್ಟು ದೂರ ಹೋಗಬೇಕು, ಇಲ್ಲವೇ ಮೈಗೆ ಕೈ ತಾಗಿಸಿಕೊಂಡೇ ತೀರಾ ಹತ್ತಿರದಿಂದ ಹೋಗಬೇಕು. ನಡುವಿನ ದೂರವೇ ಅಪಾಯ. ಹಗ್ಗವನ್ನು ಕೈಗೆ ಸುತ್ತಿಕೊಳ್ಳಬಾರದು, ಕುದುರೆ ಬೆದರಿ ಓಡಿದರೆ ಬೆರಳು ಹೋಗುತ್ತದೆ. ಗಟ್ಟಿ ಬೂಟು ಹಾಕಿಕೊಳ್ಳಿ, ಚಪ್ಪಲಿ ಬೇಡ. ಗೊರಸು ಎತ್ತುವಾಗ ಮಂಡಿಯೂರಿ ಕೂರಬೇಡಿ, ಬಗ್ಗಿ ನಿಲ್ಲಿ. ಪಕ್ಕದಲ್ಲಿ ತಿಳಿದವರು ಇರಲೇಬೇಕು.

## ಕುದುರೆಯ ಮಾತು ತಿಳಿಯಲು

ಕುದುರೆಗೆ ನಮ್ಮ ಮನಸ್ಸು ನಿಜವಾಗ್ಲೂ ಗೊತ್ತಾಗುತ್ತಾ, ಅಥವಾ ನಾವೇ ಕಲ್ಪಿಸಿಕೊಳ್ತೀವಾ?

ಮನಸ್ಸು ಗೊತ್ತಾಗುತ್ತದೆ ಎನ್ನಲಾರೆ. ಮೈ ಗೊತ್ತಾಗುತ್ತದೆ, ಅದೂ ನಮಗೆ ಗೊತ್ತಾಗುವುದಕ್ಕಿಂತ ಮೊದಲೇ.

ಇದಕ್ಕೆ ಒಂದು ನೂರು ವರ್ಷ ಹಳೆಯ ಕಥೆಯಿದೆ. ಬರ್ಲಿನ್ನಿನಲ್ಲಿ ವಿಲ್ಹೆಲ್ಮ್ ಫಾನ್ ಓಸ್ಟೆನ್ ಎಂಬ ನಿವೃತ್ತ ಗಣಿತದ ಮೇಷ್ಟ್ರ ಬಳಿ ಹ್ಯಾನ್ಸ್ ಎಂಬ ಕುದುರೆಯಿತ್ತು. ಲೆಕ್ಕ ಕೇಳಿದರೆ ಕಾಲು ಕುಟ್ಟಿ ಉತ್ತರ ಹೇಳುತ್ತಿತ್ತು. 1904ರಲ್ಲಿ ತಜ್ಞರ ತಂಡವೊಂದು ಬಂದು ಪರೀಕ್ಷಿಸಿ, ಇಲ್ಲಿ ಮೋಸವೇನೂ ನಡೆದಿಲ್ಲ ಎಂದಿತು. ಆಮೇಲೆ ಆಸ್ಕರ್ ಫುಂಗ್ಸ್ಟ್ ಎಂಬ ಮನೋವಿಜ್ಞಾನಿ ಹತ್ತಿರ ಕೂತು ನೋಡಿದ. ಕೇಳುವವರಿಗೇ ಉತ್ತರ ಗೊತ್ತಿಲ್ಲದಿದ್ದರೆ ಹ್ಯಾನ್ಸ್ ತಪ್ಪುತ್ತಿತ್ತು, ಕೇಳುವವರು ಕಣ್ಣಿಗೆ ಕಾಣದಿದ್ದರೂ ತಪ್ಪುತ್ತಿತ್ತು. ಕುಟ್ಟುವುದು ಸರಿಯಾದ ಸಂಖ್ಯೆಗೆ ಬಂದಾಗ ಕೇಳಿದವರ ತಲೆ ಕೂದಲೆಳೆಯಷ್ಟು ಮೇಲೇಳುತ್ತಿತ್ತು, ಮೈಯ ಬಿಗಿ ಸಡಿಲವಾಗುತ್ತಿತ್ತು. ಹ್ಯಾನ್ಸ್ ಅದನ್ನು ನೋಡಿ ನಿಲ್ಲಿಸುತ್ತಿತ್ತು. ಫುಂಗ್ಸ್ಟ್ 1907ರಲ್ಲಿ ಇದನ್ನು ಬರೆದು ಪ್ರಕಟಿಸಿದ.

ಈ ಕಥೆಯನ್ನು ಸಾಮಾನ್ಯವಾಗಿ ‘ಕುದುರೆಗೆ ಲೆಕ್ಕ ಬರುತ್ತಿರಲಿಲ್ಲ’ ಎಂದು ಮುಗಿಸುತ್ತಾರೆ. ನನಗೆ ಮುಖ್ಯವಾಗಿ ಕಾಣುವುದು ಅದರ ಕೊನೆಯ ಭಾಗ. ಗುಟ್ಟು ಪೂರ್ತಿ ತಿಳಿದ ಮೇಲೂ ಫುಂಗ್ಸ್ಟ್‌ಗೆ ತನ್ನ ಮೈ ಕೊಡುತ್ತಿದ್ದ ಸೂಚನೆಯನ್ನು ತಡೆಹಿಡಿಯುವುದು ಕಷ್ಟವಾಯಿತು. ಎಲ್ಲ ತಿಳಿದವನ ಮೈಯೂ ಅವನ ಮಾತು ಕೇಳುತ್ತಿರಲಿಲ್ಲ.

ಇತ್ತೀಚಿನ ಸಂಶೋಧನೆಗಳೂ ಇದೇ ದಿಕ್ಕಿನಲ್ಲಿವೆ. ಇಂಗ್ಲೆಂಡಿನ ಸಸೆಕ್ಸ್ ವಿಶ್ವವಿದ್ಯಾಲಯದವರು 2016ರಲ್ಲಿ, ಮನುಷ್ಯರ ಸಿಟ್ಟಿನ ಮುಖದ ಫೋಟೊ ತೋರಿಸಿದಾಗ ಕುದುರೆಗಳು ಎಡಗಣ್ಣಿನಿಂದ ಹೆಚ್ಚು ನೋಡುತ್ತವೆ, ಅವುಗಳ ಎದೆಬಡಿತ ಬೇಗ ಏರುತ್ತದೆ ಎಂದು ತೋರಿಸಿದರು. 2018ರಲ್ಲಿ ಇನ್ನೊಂದು ಹೆಜ್ಜೆ ಮುಂದೆ ಹೋದರು: ಮೊದಲು ಒಬ್ಬರ ಸಿಟ್ಟಿನ ಅಥವಾ ನಗುವಿನ ಫೋಟೊ ತೋರಿಸಿ, ಕೆಲವು ಗಂಟೆಗಳ ನಂತರ ಅದೇ ವ್ಯಕ್ತಿಯನ್ನು ಯಾವ ಭಾವವೂ ಇಲ್ಲದ ಮುಖದಲ್ಲಿ ಎದುರು ನಿಲ್ಲಿಸಿದರು. ಯಾವ ಫೋಟೊ ತೋರಿಸಿದ್ದಾರೆಂದು ಆ ವ್ಯಕ್ತಿಗೆ ಹೇಳಿರಲಿಲ್ಲ. ಕುದುರೆಗಳಿಗೆ ಮಾತ್ರ ನೆನಪಿತ್ತು.

ಕಿವಿ, ಬಾಲ ನೋಡಿ ಏನು ತಿಳ್ಕೋಬಹುದು?

ಕಿವಿ ಎತ್ತ ತಿರುಗಿದೆಯೋ ಗಮನ ಅತ್ತ ಇದೆ. ಒಂದು ಕಿವಿ ನಿಮ್ಮ ಕಡೆ, ಇನ್ನೊಂದು ಬೇಲಿಯ ಕಡೆ ಇದ್ದರೆ ಅದು ಎರಡನ್ನೂ ಕೇಳಿಸಿಕೊಳ್ಳುತ್ತಿದೆ. ಎರಡೂ ಕಿವಿ ಕತ್ತಿಗೆ ಅಂಟುವಂತೆ ಹಿಂದಕ್ಕೆ ಒರಗಿದರೆ ದೂರ ಸರಿಯಿರಿ. ಕೆಳತುಟಿ ಜೋತು, ಒಂದು ಹಿಂಗಾಲು ಮಡಚಿ ತುದಿ ಊರಿ ನಿಂತಿದ್ದರೆ ವಿಶ್ರಾಂತಿ. ನೊಣವಿಲ್ಲದಿದ್ದರೂ ಬಾಲ ಬೀಸುತ್ತಿದ್ದರೆ ಏನೋ ಕಿರಿಕಿರಿ. ಕಣ್ಣಿನ ಮೇಲೆ ಮುಕ್ಕೋನದಂಥ ಸುಕ್ಕು, ಬಿಗಿದ ಮೂಗಿನ ಹೊಳ್ಳೆ, ಸೆಟೆದ ಗಲ್ಲ, ಇವು ನೋವಿನ ಗುರುತುಗಳು. 2014ರಲ್ಲಿ ಪ್ರಕಟವಾದ, ಮುಖ ನೋಡಿ ಕುದುರೆಯ ನೋವನ್ನು ಅಳೆಯುವ ಮಾಪಕದಲ್ಲೂ ಇವು ಸೇರಿವೆ. ತುಟಿ ಸವರಿ ಬಾಯಿ ಚಪ್ಪರಿಸಿದರೆ ‘ಒಪ್ಪಿಕೊಂಡಿತು’ ಎಂದು ಹಲವರು ಹೇಳುತ್ತಾರೆ. ಅಷ್ಟು ಸುಲಭವಲ್ಲ. ಬಿಗಿ ಬಿಟ್ಟು ಸಡಿಲವಾಗುವಾಗ ಅದು ಕಾಣಿಸಿಕೊಳ್ಳುತ್ತದೆ, ಅಂದರೆ ಅದಕ್ಕೆ ಮೊದಲು ಬಿಗಿ ಇತ್ತು ಎಂದೂ ಆಯಿತು.

ನಾನು ಹತ್ತಿರ ಹೋದ್ರೆ ಅದು ದೂರ ಹೋಗುತ್ತೆ. ನಾನಂದ್ರೆ ಅದಕ್ಕೆ ಇಷ್ಟ ಇಲ್ವಾ?

ಈ ಪ್ರಶ್ನೆಯನ್ನು ಕೇಳುವಾಗ ಜನರ ದನಿ ಇಳಿದಿರುತ್ತದೆ. ಅದಕ್ಕೇ ಸ್ವಲ್ಪ ಉದ್ದದ ಉತ್ತರ.

ಮೊದಲು ನೀವು ಹೋದ ರೀತಿ ನೋಡಿ. ಕಣ್ಣು ಕುದುರೆಯ ಮೇಲೆಯೇ ನೆಟ್ಟು, ನೇರ ಗೆರೆಯಲ್ಲಿ, ಕೈ ಮುಂದೆ ಚಾಚಿ, ಗುರಿ ಇಟ್ಟವರಂತೆ ನಡೆದಿರುತ್ತೀರಿ. ಬೇಟೆಯಾಡುವ ಪ್ರಾಣಿ ನಡೆಯುವುದೂ ಹೀಗೆಯೇ. ಬದಲಿಗೆ ಬಳಸು ದಾರಿಯಲ್ಲಿ ನಡೆಯಿರಿ. ಕುದುರೆಯ ಒಂದು ಕಿವಿ ನಿಮ್ಮ ಕಡೆ ತಿರುಗಿದ ಕೂಡಲೇ ನಿಲ್ಲಿ. ಅದು ಮೇಯುವುದನ್ನು ನಿಲ್ಲಿಸಿ ತಲೆ ಎತ್ತಿದರೆ ನೀವು ಒಂದು ಹೆಜ್ಜೆ ಹಿಂದೆ ಸರಿಯಿರಿ. ನಿಮ್ಮ ಬರವು ಅದಕ್ಕೆ ಯಾವ ದೂರದಲ್ಲಿ ಭಾರವಾಗುತ್ತದೆ ಎಂಬುದಕ್ಕೆ ಒಂದು ಗೆರೆಯಿದೆ. ಆ ಗೆರೆ ಎಲ್ಲಿದೆ ಎಂದು ಹುಡುಕುವುದೇ ಅಭ್ಯಾಸ.

ಒಬ್ಬರು ನಡುವಯಸ್ಸಿನವರು ಒಂದು ಕಂದು ಹೆಣ್ಣು ಕುದುರೆಯ ಹಿಂದೆ ಮುಕ್ಕಾಲು ಗಂಟೆ ಓಡಾಡಿದರು. ಕೈಯಲ್ಲಿ ಹಗ್ಗ, ಬಾಯಲ್ಲಿ ‘ಬಾ ಮರಿ, ಬಾ ಮರಿ’. ಕುದುರೆ ಓಡಲಿಲ್ಲ, ಸುಮ್ಮನೆ ಅವರು ಬಂದಷ್ಟೂ ಆಚೆ ಹೋಯಿತು. ಹಗ್ಗವನ್ನು ನನಗೆ ಕೊಟ್ಟುಬಿಡಿ ಎಂದೆ. ಆಮೇಲೆ ಕಿವಿ ನೋಡಿಕೊಂಡು, ನಿಂತು, ಹಿಂದೆ ಸರಿದು, ಮತ್ತೆ ನಾಲ್ಕು ಹೆಜ್ಜೆ ಹಾಕಿ, ಕೊನೆಗೆ ಹದಿನೈದು ಅಡಿ ದೂರದವರೆಗೆ ಬಂದರು. ಕುದುರೆ ತಲೆ ಎತ್ತದೆ ಹುಲ್ಲು ಕೀಳುತ್ತಲೇ ಇತ್ತು, ಒಂದು ಕಿವಿ ಮಾತ್ರ ಅವರ ಕಡೆ. ಆ ದಿನ ಅವರು ಕುದುರೆಯನ್ನು ಮುಟ್ಟಲೇ ಇಲ್ಲ. ಹೊರಗೆ ಬಂದು ಬೂಟಿನ ಮಣ್ಣು ಒರೆಸುತ್ತಾ ಹೇಳಿದರು: ‘ನಾನು ರೂಮಿಗೆ ಹೋದ್ರೆ ನನ್ನ ಮಗ ಎದ್ದು ಹೋಗ್ತಾನೆ. ನಾನು ಹೇಗೆ ಒಳಗೆ ಹೋಗ್ತೀನಿ ಅಂತ ಇವತ್ತಿನವರೆಗೂ ಯೋಚನೆ ಮಾಡಿರಲಿಲ್ಲ.’

ಕುದುರೆಗೆ ಅವರ ಮಗನ ವಿಷಯ ಏನೂ ಗೊತ್ತಿರಲಿಲ್ಲ. ಅವರ ಹೆಜ್ಜೆಯ ವಿಷಯವಷ್ಟೇ ಗೊತ್ತಿತ್ತು.

ಅದು ಬೇಕಂತಲೇ ಮೊಂಡಾಟ ಮಾಡ್ತಿದೆ ಅನ್ಸುತ್ತೆ. ಹೌದಾ?

ನಿಮ್ಮನ್ನು ಸತಾಯಿಸಬೇಕೆಂದು ಕುದುರೆ ಯೋಜನೆ ಹಾಕುವುದಿಲ್ಲ. ನಿಂತುಕೊಂಡ ಕುದುರೆಗೆ ಅರ್ಥವಾಗಿಲ್ಲದಿರಬಹುದು, ಹೆದರಿರಬಹುದು, ಎಲ್ಲೋ ನೋಯುತ್ತಿರಬಹುದು, ಗೆಳತಿ ಕುದುರೆಯನ್ನು ಬಿಟ್ಟು ಬರಲು ಮನಸ್ಸಿಲ್ಲದಿರಬಹುದು, ಅಥವಾ ಹಿಂದೆ ಹೀಗೆ ನಿಂತಾಗ ಜನ ಸುಮ್ಮನಾಗಿದ್ದು ನೆನಪಿರಬಹುದು. ‘ಮೊಂಡು’ ಎಂದ ಕೂಡಲೇ ಈ ಐದನ್ನೂ ಹುಡುಕುವುದು ನಿಂತುಹೋಗುತ್ತದೆ. ಆ ಪದವನ್ನು ಮನೆಯಲ್ಲಿ ಯಾರ ಮೇಲೆ ಬಳಸುತ್ತೀರಿ ಎಂದು ಒಮ್ಮೆ ಲೆಕ್ಕ ಹಾಕಿ.

ಕುದುರೆ ಅಂದ್ರೆ ಹತೋಟಿಗೆ ತರಬೇಕಲ್ವಾ? ನಾವೇ ಯಜಮಾನರು ಅಂತ ತೋರಿಸಬೇಕು ಅಂತಾರೆ.

ಇಂದ್ರಿಯಗಳೇ ಕುದುರೆಗಳು, ಮನಸ್ಸೇ ಲಗಾಮು ಎಂಬ ಹೋಲಿಕೆ ಕೇಳಿಕೊಂಡು ಬೆಳೆದವರು ನಾವು. ಅದು ಚೆಲುವಾದ ಹೋಲಿಕೆ, ಆದರೆ ಎದುರಿಗೆ ನಿಂತ ಕುದುರೆಗೆ ಹೊಂದುವುದಿಲ್ಲ. ಕುದುರೆಗಳ ಗುಂಪಿನಲ್ಲಿ ಸದಾ ಒಂದೇ ನಾಯಕ ಮುಂದೆ ನಡೆದು ಉಳಿದವು ಹಿಂಬಾಲಿಸುತ್ತವೆ ಎಂಬುದೂ ನಿಜವಲ್ಲ. ಜಾಗ ಬದಲಿಸುವಾಗ ಬೇರೆ ಬೇರೆ ಕುದುರೆಗಳು ಮೊದಲ ಹೆಜ್ಜೆ ಇಡುವುದನ್ನು ಗಮನಿಸಿದ್ದಾರೆ. ನಾವು ಕುದುರೆಯಲ್ಲ ಎಂದು ಕುದುರೆಗೂ ಗೊತ್ತು. ಅದಕ್ಕೆ ಬೇಕಾದದ್ದು ಯಜಮಾನಿಕೆಯಲ್ಲ, ಇವರು ಮುಂದೆ ಏನು ಮಾಡುತ್ತಾರೆ ಎಂದು ಊಹಿಸಲು ಬರುವಂಥ ಮನುಷ್ಯ. ಇವತ್ತು ಮುದ್ದು, ನಾಳೆ ಅದೇ ತಪ್ಪಿಗೆ ಬಾಸುಂಡೆ ಎಂದರೆ ಅದು ಯಾರನ್ನು ನಂಬಬೇಕು?

## ನಮ್ಮ ಕಡೆ ತಿರುಗಿದಾಗ

ಹಗ್ಗ ಹಿಡಿದು ನಡೆಸೋದರಿಂದ ನನ್ನ ಬಗ್ಗೆ ಏನು ತಿಳಿಯುತ್ತೆ?

ನೋಡಲು ಇದು ಬಹಳ ಸುಲಭದ ಕೆಲಸ. ಕುದುರೆಯ ತಲೆಗೆ ಹಾಲ್ಟರ್ ಹಾಕಿರುತ್ತದೆ, ಅಂದರೆ ಬಾಯಿಗೆ ಕಡಿವಾಣವಿಲ್ಲದ ಬರೀ ತಲೆಪಟ್ಟಿ. ಅದಕ್ಕೊಂದು ಹಗ್ಗ. ಈ ಕಂಬದಿಂದ ಆ ಕಂಬದವರೆಗೆ ನಡೆಸಿಕೊಂಡು ಹೋಗಬೇಕು, ಹಗ್ಗ ಉದ್ದಕ್ಕೂ ಜೋಲುತ್ತಿರಬೇಕು.

ಬಹುಪಾಲು ಜನ ಎರಡು ಹೆಜ್ಜೆ ಹಾಕಿ ಹಿಂತಿರುಗಿ ನೋಡುತ್ತಾರೆ, ಬರುತ್ತಿದೆಯಾ ಎಂದು. ಮುಖಕ್ಕೆ ಮುಖ ಕೊಟ್ಟು ನಿಂತ ಕೂಡಲೇ ಕುದುರೆಯೂ ನಿಲ್ಲುತ್ತದೆ. ಆಗ ಎಳೆಯುತ್ತಾರೆ. ಎಳೆದರೆ ಅದು ಕತ್ತು ಬಿಗಿದು ಹಿಂದಕ್ಕೆ ಜಗ್ಗುತ್ತದೆ. ಈಗ ಇಬ್ಬರೂ ಜಗ್ಗುತ್ತಿದ್ದಾರೆ.

ಕುದುರೆ ಕಲಿಯುವುದು ಎಳೆತದಿಂದಲ್ಲ, ಎಳೆತ ಸಡಿಲವಾಗುವ ಗಳಿಗೆಯಿಂದ. ಹಗ್ಗದಲ್ಲಿ ಸ್ವಲ್ಪ ಬಿಗಿ ಕೊಟ್ಟು ಕಾಯಬೇಕು. ಅದು ಒಂದೇ ಒಂದು ಹೆಜ್ಜೆ ಮುಂದಿಟ್ಟರೂ, ತೂಕವನ್ನು ಮುಂದಕ್ಕೆ ತಂದರೂ, ಆ ಕ್ಷಣವೇ ಬಿಡಬೇಕು. ಒಬ್ಬ ಹೆಣ್ಣುಮಗಳು, ಬಹಳ ಜನರನ್ನು ಕಟ್ಟಿಕೊಂಡು ಕೆಲಸ ಮಾಡಿಸುವವಳು, ಪ್ರತಿ ಹೆಜ್ಜೆಗೂ ‘ಗುಡ್, ಗುಡ್’ ಎನ್ನುತ್ತಿದ್ದಳು. ಕೈ ಮಾತ್ರ ಬಿಡುತ್ತಿರಲಿಲ್ಲ. ಆರನೇ ಹೆಜ್ಜೆಗೆ ಕುದುರೆ ನಿಂತೇಬಿಟ್ಟಿತು. ನಿಮ್ಮ ಬೆರಳ ಗೆಣ್ಣು ನೋಡಿಕೊಳ್ಳಿ ಎಂದೆ. ಬಿಳಿಚಿಕೊಂಡಿದ್ದವು. ‘ನಾನು ಬಿಟ್ಟೆ ಅಂತಲೇ ಅಂದ್ಕೊಂಡಿದ್ದೆ’ ಎಂದಳು.

ಬಾಯಿ ಮೆಚ್ಚುತ್ತಿದೆ, ಕೈ ಎಳೆಯುತ್ತಲೇ ಇದೆ. ಮಾಡುತ್ತಿದ್ದೇನೆ ಎಂದು ನಾವು ಅಂದುಕೊಂಡದ್ದಕ್ಕೂ ಮೈ ನಿಜವಾಗಿ ಮಾಡುತ್ತಿರುವುದಕ್ಕೂ ನಡುವೆ ಒಂದು ಅಂತರವಿರುತ್ತದೆ. ಈ ಎಲ್ಲ ಕೆಲಸದಲ್ಲಿ ನಾನು ತೋರಿಸಬೇಕೆಂದಿರುವುದು ಅದೊಂದನ್ನೇ. ಮನುಷ್ಯರು ನಮ್ಮ ಮಾತು ಕೇಳಿ ಕೈಯನ್ನು ಗಮನಿಸದೆ ಬಿಡುತ್ತಾರೆ, ಅಥವಾ ಗಮನಿಸಿಯೂ ಹೇಳುವುದಿಲ್ಲ.

ನನಗೆ ಯಾರಿಗೂ ‘ಇಲ್ಲ’ ಅನ್ನೋಕೆ ಬರಲ್ಲ. ಕುದುರೆ ಅದಕ್ಕೆ ಏನು ಮಾಡುತ್ತೆ?

ನಿಮ್ಮ ಕಾಲ ಬುಡಕ್ಕೆ ಬಂದು ನಿಲ್ಲುತ್ತದೆ. ತಲೆಯಿಂದ ನಿಮ್ಮ ಎದೆಯನ್ನು ತಿಕ್ಕುತ್ತದೆ, ನೀವು ಹಿಂದೆ ಸರಿಯುತ್ತೀರಿ, ಅದು ಮತ್ತೆ ಮುಂದೆ ಬರುತ್ತದೆ. ‘ಎಷ್ಟು ಪ್ರೀತಿ ನೋಡಿ’ ಎಂದು ನೀವು ನಗುತ್ತೀರಿ, ಹೊತ್ತು ಕಳೆಯುವಷ್ಟರಲ್ಲಿ ಬೆನ್ನು ಬೇಲಿಗೆ ತಾಗಿರುತ್ತದೆ. ಅದಕ್ಕೆ ತುರಿಕೆ, ನೀವು ಕಂಬ.

ಅಲ್ಲಿಂದ ‘ಸ್ವಲ್ಪ ಹಿಂದೆ ಹೋಗು’ ಎಂದು ಕೇಳುವುದನ್ನು ಕಲಿಯುತ್ತೇವೆ. ಇಲ್ಲ ಎನ್ನಲು ಬಾರದವರು ಸಾಮಾನ್ಯವಾಗಿ ಆರು ಸಲ ಒಂದೇ ಮೆತ್ತನೆಯ ಕೈಯಿಂದ ಕೇಳಿ, ಏಳನೇ ಸಲ ಕೂಗಿಬಿಡುತ್ತಾರೆ. ಕುದುರೆ ತಲೆ ಎತ್ತಿ ಬೆದರುತ್ತದೆ, ಇವರಿಗೆ ಪಾಪಪ್ರಜ್ಞೆ ಹುಟ್ಟುತ್ತದೆ, ಮತ್ತೆ ಮೆತ್ತಗಾಗುತ್ತಾರೆ. ನಡುವೆ ಮೆಟ್ಟಿಲುಗಳಿವೆ: ನೆಟ್ಟಗೆ ನಿಲ್ಲುವುದು, ಹಗ್ಗವನ್ನು ಸ್ವಲ್ಪ ಅಲ್ಲಾಡಿಸುವುದು, ಇನ್ನೂ ಸ್ವಲ್ಪ, ಇನ್ನೂ ಸ್ವಲ್ಪ. ಅದು ಒಂದು ಹೆಜ್ಜೆ ಹಿಂದಿಟ್ಟ ಕೂಡಲೇ ಪೂರ್ತಿ ನಿಲ್ಲಿಸುವುದು. ಹಿಂದೆ ಸರಿದ ಕುದುರೆ ಮುನಿಸಿಕೊಂಡು ಹೋಗುವುದಿಲ್ಲ, ಅಲ್ಲೇ ನಿಂತು ನಿಮ್ಮನ್ನು ನೋಡುತ್ತಿರುತ್ತದೆ. ಇಲ್ಲ ಎಂದ ಮೇಲೂ ಎದುರಿಗಿರುವ ಜೀವ ಅಲ್ಲೇ ಉಳಿಯುತ್ತದೆ ಎಂಬುದನ್ನು ಮೊದಲ ಬಾರಿ ಕಂಡವರ ಮುಖವನ್ನು ನಾನು ಮರೆಯಲಾರೆ.

ಕುದುರೆ ಪಕ್ಕ ನಿಂತಾಗ ಸುಮ್ಮನೆ ಅಳು ಬಂತು. ಯಾಕೆ?

ನಿಜವಾದ ಕಾರಣ ನಿಮಗೇ ಗೊತ್ತಿರಬೇಕು, ನಾನು ಊಹಿಸುವುದು ಸರಿಯಲ್ಲ. ದೊಡ್ಡ ಬೆಚ್ಚನೆಯ ಮೈ, ನಿಧಾನದ ಉಸಿರು, ಏನನ್ನೂ ಕೇಳದ ಜೊತೆ. ಬೆಳೆದ ಕುದುರೆ ಆರಾಮವಾಗಿರುವಾಗ ಅದರ ಎದೆ ನಿಮಿಷಕ್ಕೆ 28ರಿಂದ 44 ಸಲ ಬಡಿಯುತ್ತದೆ. ಅದರ ಪಕ್ಕ ನಿಂತರೆ ನಮ್ಮ ಧಾವಂತ ನಮಗೆ ಕೇಳಿಸುತ್ತದೆ. ಅಳು ಬಂದರೆ ಅತ್ತುಬಿಡಿ, ವಿವರಣೆ ಕೊಡಬೇಕಾಗಿಲ್ಲ.

ಅಲ್ಲಿ ಶಾಂತವಾಗಿರ್ತೀನಿ, ಮನೆಗೆ ಬಂದ್ರೆ ಮತ್ತೆ ಅದೇ ಸಿಟ್ಟು. ಏನು ಪ್ರಯೋಜನ?

ಸಿಟ್ಟಿನಲ್ಲಿರುವಾಗ ಕುದುರೆಯ ಹತ್ತಿರ ಹೋಗಬೇಡ ಎಂದು ಗ್ರೀಕ್ ಸೇನಾನಿ ಕ್ಸೆನೊಫೋನ್ ಸುಮಾರು 2,400 ವರ್ಷಗಳ ಹಿಂದೆಯೇ ಬರೆದಿದ್ದಾನೆ. ಕುದುರೆಯ ಮುಂದೆ ಪಾಲಿಸುವುದು ಸುಲಭ, ಏಕೆಂದರೆ ಅದು ಕೂಡಲೇ ತೋರಿಸಿಕೊಡುತ್ತದೆ. ಮನೆಯವರು ಸಹಿಸಿಕೊಂಡು ಸುಮ್ಮನಿರುತ್ತಾರೆ, ತಿಂಗಳ ನಂತರ ಬೇರೆ ಯಾವುದೋ ಮಾತಿಗೆ ಸಿಡಿಯುತ್ತಾರೆ.

ಶಾಂತಿಯನ್ನು ಹೊತ್ತುಕೊಂಡು ಬರಲು ನೋಡಬೇಡಿ, ಅದು ದಾರಿಯಲ್ಲೇ ಚೆಲ್ಲಿಹೋಗುತ್ತದೆ. ಮೈಯ ಒಂದೇ ಒಂದು ಗುರುತನ್ನು ತನ್ನಿ. ಕುದುರೆ ತಲೆ ಎತ್ತುವ ಮೊದಲು ನಿಮ್ಮಲ್ಲಿ ಏನಾಗುತ್ತಿತ್ತು? ದವಡೆ ಬಿಗಿಯುತ್ತಿತ್ತೇ, ಉಸಿರು ನಿಲ್ಲುತ್ತಿತ್ತೇ, ಭುಜ ಕಿವಿಯವರೆಗೆ ಏರುತ್ತಿತ್ತೇ? ಮನೆಯಲ್ಲಿ ಅದೊಂದನ್ನೇ ಗಮನಿಸಿ. ಬಾಗಿಲ ಚಿಲಕಕ್ಕೆ ಕೈ ಹಾಕುವಾಗ, ಫೋನ್ ಎತ್ತುವಾಗ. ದಿನಕ್ಕೆ ಎರಡು ಸಾಲು ಬರೆದಿಡಿ. ಸಿಟ್ಟು ಬರುವುದು ನಿಲ್ಲದಿರಬಹುದು, ಬರುತ್ತಿದೆ ಎಂದು ಸ್ವಲ್ಪ ಮುಂಚೆ ಗೊತ್ತಾಗುತ್ತದೆ.

## ಗಟ್ಟಿ ಪ್ರಶ್ನೆಗಳು

ಇದು ಚಿಕಿತ್ಸೇನಾ? ಖಿನ್ನತೆಗೆ ಮಾತ್ರೆ ತಗೊಳ್ತಿದ್ದೀನಿ, ಬಿಡಬಹುದಾ?

ಬಿಡಬೇಡಿ. ಔಷಧದ ಮಾತು ನಿಮ್ಮ ವೈದ್ಯರೊಂದಿಗೆ ಮಾತ್ರ.

ಹೆಸರುಗಳು ಕಲಸಿಹೋಗಿರುವುದರಿಂದ ಬಿಡಿಸಿ ಹೇಳುತ್ತೇನೆ. ಕುದುರೆಯ ನಡಿಗೆಯ ತೂಗಾಟವನ್ನು ಬಳಸಿ, ಅದರ ಮೇಲೆ ಕೂರಿಸಿ, ದೇಹಕ್ಕೆ ಕೊಡುವ ಚಿಕಿತ್ಸೆ ಒಂದು. ಅದನ್ನು ಹಿಪ್ಪೊಥೆರಪಿ ಎನ್ನುತ್ತಾರೆ, ತರಬೇತಿ ಪಡೆದ ಫಿಸಿಯೊಥೆರಪಿಸ್ಟ್‌ಗಳಂಥವರು ಮಾಡುತ್ತಾರೆ. ಮನೋಚಿಕಿತ್ಸಕರು ಕುದುರೆಯನ್ನು ಜೊತೆಗಿಟ್ಟುಕೊಂಡು ಮಾಡುವ ಮನೋಚಿಕಿತ್ಸೆ ಇನ್ನೊಂದು. ನಾನು ಇಲ್ಲಿ ಬರೆಯುತ್ತಿರುವುದು ಮೂರನೆಯದು, ತನ್ನನ್ನು ತಾನು ತಿಳಿಯುವ ಕಲಿಕೆ. ಇದಕ್ಕೆ ರೋಗ ಗುಣಪಡಿಸುವ ಹಕ್ಕಿಲ್ಲ.

ಈ ಕ್ಷೇತ್ರದಲ್ಲಿ ಎಲ್ಲರೂ ನೆನೆಯುವ ಹೆಸರು ಡೆನ್ಮಾರ್ಕಿನ ಲಿಸ್ ಹಾರ್ಟೆಲ್. 1944ರಲ್ಲಿ ಪೋಲಿಯೊ ಬಂದು ಮಂಡಿಯ ಕೆಳಗೆ ಕಾಲುಗಳ ಸ್ವಾಧೀನ ಹೋಯಿತು. ಕುದುರೆ ಏರಲು, ಇಳಿಯಲು ಬೇರೆಯವರ ನೆರವು ಬೇಕಿತ್ತು. 1952ರ ಹೆಲ್ಸಿಂಕಿ ಒಲಿಂಪಿಕ್ಸ್‌ನಲ್ಲಿ ಡ್ರೆಸಾಜ್ ಸ್ಪರ್ಧೆಯಲ್ಲಿ, ಅಂದರೆ ಸವಾರರ ಸಣ್ಣ ಸೂಚನೆಗಳಿಗೆ ಕುದುರೆ ಅಳತೆಯ ಹೆಜ್ಜೆ ಹಾಕಿ ತೋರಿಸುವ ಸ್ಪರ್ಧೆಯಲ್ಲಿ, ಬೆಳ್ಳಿ ಗೆದ್ದರು, ಆ ಸ್ಪರ್ಧೆಗೆ ಹೆಂಗಸರನ್ನು ಸೇರಿಸಿಕೊಂಡ ಮೊದಲ ವರ್ಷವೇ. 1956ರಲ್ಲಿ ಮತ್ತೆ ಬೆಳ್ಳಿ. ಅಂಗವಿಕಲರಿಗೆ ಸವಾರಿ ಕಲಿಸುವ ಕೆಲಸ ಹಲವು ದೇಶಗಳಲ್ಲಿ ಹಬ್ಬಲು ಅವರ ಗೆಲುವು ದೊಡ್ಡ ಪ್ರೇರಣೆಯಾಯಿತು. ಇದನ್ನು ‘ಕುದುರೆ ಪೋಲಿಯೊ ವಾಸಿಮಾಡಿತು’ ಎಂದು ತಿರುಚಿ ಹೇಳುವವರಿದ್ದಾರೆ. ಕಾಲು ವಾಸಿಯಾಗಲಿಲ್ಲ. ಆ ಕಾಲುಗಳಿಂದಲೇ ಗೆದ್ದರು.

ಕುದುರೆಯ ಹೃದಯದ ಕಾಂತಕ್ಷೇತ್ರ ನಮ್ಮ ಹೃದಯವನ್ನು ಸರಿಪಡಿಸುತ್ತೆ ಅಂತಾರಲ್ಲ?

ನಾನು ಅದನ್ನು ಹೇಳುವುದಿಲ್ಲ, ಹೇಳುವವರನ್ನು ನಂಬುವುದೂ ಇಲ್ಲ. ಹೃದಯದ ಸುತ್ತ ಕಾಂತಕ್ಷೇತ್ರ ಇರುವುದು ನಿಜ, ಅದು ಅತಿ ಕ್ಷೀಣ. ಅದರಿಂದ ಪಕ್ಕದವರ ಮನಸ್ಸು ತಿಳಿಯಾಗುತ್ತದೆ ಎಂಬುದಕ್ಕೆ ಆಧಾರವಿಲ್ಲ. ಕಣ್ಣು, ಕಿವಿ, ಮೂಗು, ಚರ್ಮ ಇಷ್ಟು ಚುರುಕಾಗಿರುವ ಪ್ರಾಣಿಗೆ ಪವಾಡದ ಅಗತ್ಯವೇ ಇಲ್ಲ.

‘ಕುದುರೆ ನಮ್ಮ ಕನ್ನಡಿ’ ಅಂತ ಎಲ್ಲರೂ ಹೇಳ್ತಾರೆ. ನೀವು ಯಾಕೆ ಆ ಮಾತು ಬಳಸಲ್ಲ?

ನಾನೂ ಬಳಸುತ್ತಿದ್ದೆ. ಬಿಟ್ಟದ್ದಕ್ಕೆ ಕಾರಣವಿದೆ.

ಒಂದು ಸಂಜೆ ಒಬ್ಬ ಹೆಂಗಸು ಕುದುರೆ ನಡೆಸುತ್ತಿದ್ದಳು. ಕುದುರೆ ಹತ್ತು ಹೆಜ್ಜೆಗೊಮ್ಮೆ ನಿಲ್ಲುತ್ತಿತ್ತು. ಅವಳು ಸರಿಯಾಗಿಯೇ ಮಾಡುತ್ತಿದ್ದಳು, ಹಗ್ಗ ಜೋಲುತ್ತಿತ್ತು, ನೋಟ ಮುಂದಿತ್ತು. ನಾನು ಕನ್ನಡಿಯ ಗುಂಗಿನಲ್ಲಿ, ‘ನಿಮ್ಮ ಬದುಕಿನಲ್ಲಿ ಎಲ್ಲಿ ನಿಂತುಹೋಗಿದ್ದೀರಿ?’ ಎಂದು ಕೇಳಿದೆ. ಅವಳು ಯೋಚಿಸಿದಳು, ಯಾವುದೋ ಹಳೆಯ ನೋವು ಹೇಳಿ ಅತ್ತಳು. ಒಳ್ಳೆಯ ಕೆಲಸವಾಯಿತೆಂದು ನಾನು ಸಮಾಧಾನದಿಂದ ಮಲಗಿದೆ. ಬೆಳಿಗ್ಗೆ ಲಾಯಕ್ಕೆ ಹೋದರೆ ಕುದುರೆ ಎಡ ಮುಂಗಾಲನ್ನು ನೆಲಕ್ಕೆ ಊರುತ್ತಲೇ ಇರಲಿಲ್ಲ. ಗೊರಸು ಮುಟ್ಟಿದರೆ ಸುಡುತ್ತಿತ್ತು. ಒಳಗೆ ಕೀವು ಕಟ್ಟಿತ್ತು. ಪಶುವೈದ್ಯರು ಬಂದು ಗೊರಸಿನ ತಳ ಸ್ವಲ್ಪ ಕೆತ್ತಿದರು, ಕಪ್ಪು ಕೀವು ಹೊರಬಂತು, ಕುದುರೆ ಉದ್ದ ಉಸಿರು ಬಿಟ್ಟಿತು.

ಅದು ನೋವಿನಿಂದ ನಿಂತಿತ್ತು. ನಾನು ಅದರ ನೋವನ್ನು ಕಿತ್ತುಕೊಂಡು ಆ ಹೆಂಗಸಿಗೆ ಅವಳದೆಂದು ಕೊಟ್ಟಿದ್ದೆ. ಇಬ್ಬರಿಗೂ ಅನ್ಯಾಯ ಮಾಡಿದೆ. ಅವಳಿಗೆ ಫೋನ್ ಮಾಡಿ ನಡೆದದ್ದು ಹೇಳಿ ಕ್ಷಮೆ ಕೇಳಿದೆ. ಅಂದಿನಿಂದ ಪ್ರತಿ ದಿನ ಕೆಲಸ ಶುರುವಾಗುವ ಮೊದಲು ನಾಲ್ಕೂ ಗೊರಸುಗಳ ಮೇಲೆ ಅಂಗೈ ಇಟ್ಟು ಬಿಸಿ ನೋಡುತ್ತೇನೆ.

ಕನ್ನಡಿಗೆ ಹೊಟ್ಟೆನೋವು ಬರುವುದಿಲ್ಲ. ಕುದುರೆಗೆ ಬರುತ್ತದೆ. ಅದು ನಿಮಗೆ ಉತ್ತರಿಸುತ್ತದೆ, ಜೊತೆಗೆ ಗಾಳಿಗೆ, ನೊಣಕ್ಕೆ, ಪಕ್ಕದ ಕುದುರೆಗೆ, ತನ್ನ ಹಲ್ಲಿಗೆ, ತನ್ನ ನೆನಪಿಗೂ ಉತ್ತರಿಸುತ್ತಿರುತ್ತದೆ.

ಸರಿ, ನಮಗೆ ಇಷ್ಟೆಲ್ಲ ಸಿಗುತ್ತೆ. ಕುದುರೆಗೆ ಏನು ಸಿಗುತ್ತೆ?

ಈ ಪ್ರಶ್ನೆ ಕೇಳುವವರು ಕಡಿಮೆ, ಕೇಳಿದವರಿಗೆ ನನ್ನ ನಮಸ್ಕಾರ. ನಮ್ಮ ಬೆಳವಣಿಗೆ ಅದರ ಅಗತ್ಯವಲ್ಲ. ಅದಕ್ಕೆ ಬೇಕಾದದ್ದು ಮೂರು: ಬಹುಪಾಲು ಹೊತ್ತು ಮೇಯಲು ಹುಲ್ಲು, ಬೇರೆ ಕುದುರೆಗಳ ಜೊತೆ, ಓಡಾಡಲು ಬಯಲು. ಬಯಲಲ್ಲಿರುವ ಕುದುರೆ ದಿನಕ್ಕೆ ಹದಿನಾರು ಗಂಟೆಯವರೆಗೂ ಮೇಯುತ್ತದೆ. ಅದರ ಜಠರ ಮೈಗೆ ಹೋಲಿಸಿದರೆ ಬಹಳ ಚಿಕ್ಕದು, ಬಹಳ ಹೊತ್ತು ಬರಿದಾಗಿದ್ದರೆ ಹುಣ್ಣಾಗುತ್ತದೆ. ಇವು ಮೂರೂ ಇಲ್ಲದ ಕುದುರೆಯಿಂದ ಅರಿವು ಕೇಳಲು ನಮಗೆ ಹಕ್ಕಿಲ್ಲ.

ಕೆಲಸದ ಹೊತ್ತಿನಲ್ಲಿ ಮುಖ್ಯವಾದದ್ದು ಆಚೆ ಹೋಗುವ ಸ್ವಾತಂತ್ರ್ಯ. ಏನು ಮಾಡಿದರೂ ತಪ್ಪಿಸಿಕೊಳ್ಳಲಾಗದೆಂದು ಕಲಿತ ಕುದುರೆ ಕೊನೆಗೆ ಏನನ್ನೂ ಮಾಡುವುದಿಲ್ಲ. ಮಂಕಾದ ಕಣ್ಣು, ಅಲ್ಲಾಡದ ಕಿವಿ. ಹೊಸಬರು ಅದನ್ನೇ ‘ಎಷ್ಟು ಶಾಂತ’ ಎನ್ನುತ್ತಾರೆ. ಅದು ಕೈಚೆಲ್ಲಿದ ಸ್ಥಿತಿ. ನಾವು ನೇರವಾಗಿ ಕೊಡಬಹುದಾದ್ದು ಒಂದಿದೆ: ಕತ್ತಿನ ಬುಡದಲ್ಲಿ, ಹೆಗಲ ಉಬ್ಬಿನ ಹತ್ತಿರ ಚೆನ್ನಾಗಿ ಕೆರೆಯುವುದು. ಕುದುರೆಗಳು ಒಂದನ್ನೊಂದು ಹಲ್ಲಿನಿಂದ ಕೆರೆದುಕೊಳ್ಳುವುದು ಅಲ್ಲೇ. ಆ ಜಾಗವನ್ನು ಕೆರೆದಾಗ ಎದೆಬಡಿತ ಇಳಿಯುವುದನ್ನು ಅಳೆದು ನೋಡಿದ್ದಾರೆ. ಸರಿಯಾದ ಜಾಗ ಸಿಕ್ಕಿದರೆ ಮೇಲ್ತುಟಿ ಉದ್ದವಾಗಿ ಅದುರತೊಡಗುತ್ತದೆ.

ಒಳ್ಳೆಯ ಮಾರ್ಗದರ್ಶಕರನ್ನು ಗುರುತಿಸೋದು ಹೇಗೆ?

ಮೊದಲು ಅವರ ಕುದುರೆಗಳನ್ನು ನೋಡಿ, ಆಮೇಲೆ ಪ್ರಮಾಣಪತ್ರ. ಅವರು ಹತ್ತಿರ ಬಂದಾಗ ಕುದುರೆ ಏನು ಮಾಡುತ್ತದೆ? ಇವತ್ತು ಈ ಕುದುರೆಗೆ ಕೆಲಸ ಬೇಡ ಎಂದು ನಿಮ್ಮ ಸಮಯವನ್ನು ರದ್ದು ಮಾಡುವ ಧೈರ್ಯ ಅವರಿಗಿದೆಯೇ? ಕುದುರೆ ಮಾಡಿದ್ದಕ್ಕೆಲ್ಲ ತಕ್ಷಣ ಅರ್ಥ ಹೇಳುತ್ತಾರೆಯೇ, ನಿಮಗೇ ಹೇಳಲು ಬಿಡುತ್ತಾರೆಯೇ? ನಿಮ್ಮ ಆರೋಗ್ಯದ ಬಗ್ಗೆ ಮೊದಲೇ ವಿಚಾರಿಸುತ್ತಾರೆಯೇ, ತಮ್ಮ ಕೈಮೀರಿದ್ದನ್ನು ತಜ್ಞರಿಗೆ ಒಪ್ಪಿಸುತ್ತಾರೆಯೇ? ಒಂದೇ ದಿನದಲ್ಲಿ ಬದುಕು ಬದಲಾಯಿಸುತ್ತೇವೆ ಎಂದರೆ ವಾಪಸು ಬನ್ನಿ.

ನೀವು ಇಷ್ಟು ವರ್ಷದಿಂದ ಮಾಡ್ತಿದ್ದೀರಲ್ಲ, ನಿಮಗೆ ಇನ್ನೂ ಕಲಿಯೋದು ಇದೆಯಾ?

ಈ ಬೆಳಿಗ್ಗೆಯದೇ ಹೇಳುತ್ತೇನೆ. ಒಂದು ಮುದಿ ಗಂಡು ಕುದುರೆಯಿದೆ, ಬಲ ಹಿಂಗಾಲು ಎತ್ತಲು ಅದಕ್ಕೆ ಕಷ್ಟ, ಕೀಲು ಸವೆದಿದೆ. ಇವತ್ತು ಮೂರು ಸಲ ಕೇಳಿದೆ, ಮೂರು ಸಲವೂ ಎತ್ತಿದ ಹಾಗೆ ಮಾಡಿ ಇಳಿಸಿಬಿಟ್ಟಿತು. ಅವಸರವೇನೂ ಇಲ್ಲ ಎಂದೇ ಅಂದುಕೊಂಡಿದ್ದೆ. ಆಮೇಲೆ ನೋಡಿಕೊಂಡರೆ ನಾನು ಅದರ ಕಾಲಿಗೆ ಕೈ ಹಾಕುವ ಮೊದಲೇ ಮುಂದಿನ ಕೆಲಸದ ಕಡೆ ಅರ್ಧ ತಿರುಗಿ ನಿಂತಿದ್ದೆ, ಉಸಿರು ಮೇಲೆಯೇ ಇತ್ತು. ಪಾದ ತಿರುಗಿಸಿ ಸರಿಯಾಗಿ ನಿಂತೆ. ಕೈಯನ್ನು ತೊಡೆಯಿಂದ ಕೆಳಗೆ ಜಾರಿಸಿ ಗೊರಸಿನ ಮೇಲೆ ಇಟ್ಟು ಕಾದೆ. ಅದು ತೂಕವನ್ನು ಎಡಗಾಲಿಗೆ ಸ್ವಲ್ಪ ಸ್ವಲ್ಪವಾಗಿ ಸರಿಸಿಕೊಂಡಿತು, ಒಮ್ಮೆ ತೂರಾಡಿತು, ಆಮೇಲೆ ಗೊರಸನ್ನು ನನ್ನ ಅಂಗೈಗೆ ಕೊಟ್ಟಿತು. ಹೆಚ್ಚು ಎತ್ತರಕ್ಕಲ್ಲ, ನೆಲದಿಂದ ಒಂದು ಗೇಣು. ಅಷ್ಟರಲ್ಲೇ ಮಣ್ಣು ತೆಗೆದು ಮೆಲ್ಲಗೆ ಕೆಳಗಿಟ್ಟೆ.